ದ್ಯಾವಯ್ಯನ ಕುದುರೆಗೆ ಪಟೇಲರ ಎತ್ತಿನ ಮೆಲುಕು

ಹಾಸನ ಸೀಮೆಯಲ್ಲಿ ನಾಲ್ಕು ಕಾಲಿನ ಯಾವ ಪ್ರಾಣಿಯನ್ನಾದರೂ ಕೇಳಿ, ಬೈರಯ್ಯ ಯಾರು ಅಂತ ಅದು ಹೇಳುತ್ತದೆ. ಆ ಬೈರಯ್ಯ ನಾನೇ. ನಾನು ಇಲ್ಲಿ ಕೆಮ್ಮಿದರೆ ಚನ್ನರಾಯಪಟ್ಟಣದ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದ ಕಾಲವೊಂದಿತ್ತು.

ಹೊಳೆನರಸೀಪುರದ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ನಾನು ಮೂರು ವರ್ಷ ಇದ್ದೆ. ಇದ್ದೆ ಅನ್ನುವುದಕ್ಕಿಂತ ಆಸ್ಪತ್ರೆಯೇ ನನ್ನಿಂದ ಇತ್ತು ಅನ್ನಬೇಕು. ಡಾಕ್ಟರು ಸೂಜಿ ಚುಚ್ಚುತ್ತಿದ್ದರು, ಅಷ್ಟೆ. ಚುಚ್ಚುವಾಗ ದನವನ್ನು ಹಿಡಿದುಕೊಳ್ಳುತ್ತಿದ್ದವನು ನಾನು. ಸೂಜಿ ಎರಡು ಅಂಗುಲ, ಎತ್ತು ಎಂಟು ಅಡಿ. ಯಾವುದು ದೊಡ್ಡ ಕೆಲಸವೆಂದು ನೀವೇ ತೂಗಿ ನೋಡಿ. ಕೊನೆಗೆ ಸರ್ಕಾರಕ್ಕೆ ನನ್ನ ಹೆಸರನ್ನು ಸಹಿಸಲು ಆಗಲಿಲ್ಲ. ಒಂದು ದಿನ ಡಾಕ್ಟರು ಊಟಕ್ಕೆ ಹೋಗಿದ್ದಾಗ ದೊಡ್ಡ ಸಾಹೇಬರೊಬ್ಬರ ನಾಯಿ ಕೆಮ್ಮುತ್ತಾ ಬಂತು. ಎಮ್ಮೆಗೆ ಕೊಡುವ ಕೆಮ್ಮಿನ ಔಷಧಿಯನ್ನು ಎಮ್ಮೆಗೆ ಕೊಡುವಷ್ಟೇ ಕೊಟ್ಟೆ. ನಾಯಿ ಆಮೇಲೆ ಕೆಮ್ಮಲಿಲ್ಲ. ಬೊಗಳಲೂ ಇಲ್ಲ. ಮಾರನೆಯ ದಿನ ನನ್ನನ್ನು ಊರಿಗೆ ಕಳಿಸಿಬಿಟ್ಟರು.

ನಮ್ಮೂರು ಇರುವುದು ಕೊರವಂಗಲಕ್ಕೂ ಹಾಸನಕ್ಕೂ ನಡುವೆ. ನಾನು ಬಂದ ಮೇಲೆ ಊರಿನ ದನಗಳಿಗೆ ಕಾಯಿಲೆ ಬೀಳಲು ಧೈರ್ಯವಾಗುತ್ತಿರಲಿಲ್ಲ. ಬಿದ್ದರೆ ನನ್ನ ಹತ್ತಿರ ಮೂರೇ ಮಾತಿತ್ತು: ಮೂತಿ ನೋಡು, ಮೆಲುಕು ನೋಡು, ಗೊಟ್ಟ ಹಾಕು. ಮೂತಿ ಒದ್ದೆಯಾಗಿದ್ದರೆ ದನ ಗಟ್ಟಿ, ಒಣಗಿದ್ದರೆ ಜ್ವರ. ಮೆಲುಕು ಹಾಕುತ್ತಿದ್ದರೆ ಹೊಟ್ಟೆ ಸರಿ, ನಿಲ್ಲಿಸಿದರೆ ಕೆಟ್ಟಿದೆ. ಕೆಟ್ಟಿದ್ದರೆ ಬಿದಿರಿನ ಗೊಟ್ಟದಲ್ಲಿ ಔಷಧಿ ತುಂಬಿ ಗಂಟಲಿಗೆ ಹುಯ್ಯುವುದು. ಈ ಮೂರು ಮಾತಿನಲ್ಲಿ ನಾನು ಹತ್ತು ಸಾವಿರ ದನ ಉಳಿಸಿದ್ದೇನೆ. ಊರಿನಲ್ಲಿ ಇದ್ದದ್ದು ಇನ್ನೂರು ದನ ಅಂತ ಕೆಲವರು ಎಣಿಸಿ ತೋರಿಸುತ್ತಾರೆ. ಒಂದೊಂದನ್ನೂ ಐವತ್ತು ಸಲ ಉಳಿಸಿದ್ದು ಅವರಿಗೆ ಗೊತ್ತಿಲ್ಲ.

ಐವತ್ತೇಳನೇ ಇಸವಿಯಲ್ಲಿ ಹಾಸನದ ಅಮಲ್ದಾರರೊಬ್ಬರಿಗೆ ಸರ್ಕಾರ ಜೀಪು ಕೊಟ್ಟಿತು. ಅವರ ಮನೆಯ ಕುದುರೆಗೆ ನಮ್ಮೂರ ಕೇರಿಯ ದ್ಯಾವಯ್ಯ ಹನ್ನೆರಡು ವರ್ಷ ಹಸಿಹುಲ್ಲು ಹೊತ್ತಿದ್ದ. ಹುಲ್ಲನ್ನು ಗೇಟಿನ ಹೊರಗೆ ಇಳಿಸಬೇಕು, ಜವಾನ ಒಳಗೆ ಒಯ್ಯುತ್ತಾನೆ, ಅದು ಅಲ್ಲಿನ ಕಟ್ಟುಪಾಡು. ಕುದುರೆ ತಿನ್ನುವುದನ್ನು ದ್ಯಾವಯ್ಯ ಒಂದು ದಿನವೂ ಕಂಡವನಲ್ಲ. ಜೀಪು ಬಂದ ದಿನ ಅಮಲ್ದಾರರು ಅವನನ್ನು ಮೊದಲ ಸಲ ಗೇಟಿನೊಳಕ್ಕೆ ಕರೆದು, ಕುದುರೆಯನ್ನೂ ಜಟಕಾ ಗಾಡಿಯನ್ನೂ ತೋರಿಸಿ, ಹುಲ್ಲು ತಂದು ಸಾಕಿದವನು ನೀನು, ನೀನೇ ಇಟ್ಟುಕೋ ಅಂದರಂತೆ.

ಕುದುರೆ ಬಿಳಿ ಹೆಣ್ಣು. ದ್ಯಾವಯ್ಯ ಅದಕ್ಕೆ ಬೆಳ್ಳಿ ಎಂದು ಹಸುವಿಗೆ ಇಡುವ ಹೆಸರಿಟ್ಟು, ಹಸುವಿಗೆ ಹಾಕುವ ಗೂಟಕ್ಕೆ ಕಟ್ಟಿ, ಹಸುವಿನ ಹಾಗೆ ಕೊರಳು ತುರಿಸಿದ. ಅವನ ಹೆಂಡತಿ ಮಾಯಮ್ಮ ಹುರುಳಿ ಬೇಯಿಸಿ ಇಟ್ಟಳು. ಊರಿನಿಂದ ಹಾಸನಕ್ಕೆ ಜಟಕಾ ಓಡಿಸುವುದು ಅವರ ಆಸೆ. ಅದಕ್ಕೆ ಪುರಸಭೆಯ ಪರವಾನಗಿ ಬಿಲ್ಲೆ ಬೇಕು. ಬರುವ ಮಂಗಳವಾರ ಡಾಕ್ಟರು ಕುದುರೆಗಳನ್ನು ಪರೀಕ್ಷೆ ಮಾಡುತ್ತಾರೆ, ಪಾಸಾದದ್ದಕ್ಕೆ ಬಿಲ್ಲೆ, ಆಗದಿದ್ದರೆ ಮತ್ತೆ ಮುಂದಿನ ವರ್ಷ.

ಊರಿಗೆ ಇದು ಸುಲಭಕ್ಕೆ ಅರಗಲಿಲ್ಲ. ನಮ್ಮವರು ಕುದುರೆ ಕಂಡದ್ದೆಲ್ಲ ಗುಡಿಯ ಕಲ್ಲಿನಲ್ಲಿ, ಇಲ್ಲವೇ ಹಾಸನದ ಬೀದಿಯಲ್ಲಿ, ಅದೂ ಹಿಂದಿನಿಂದ. ಪಟೇಲ ನಂಜಪ್ಪನವರ ಮನೆಯಲ್ಲಿ ಎಂಟು ಜೊತೆ ಎತ್ತಿದ್ದವು, ಕುದುರೆ ಇರಲಿಲ್ಲ. ಪಟೇಲರಿಗೇ ಇಲ್ಲದ ಕುದುರೆ ಕೇರಿಯ ದ್ಯಾವಯ್ಯನ ಬಾಗಿಲಲ್ಲಿ ಹೇಗೆ ನಿಂತಿರಬಲ್ಲುದು. ಯಾವುದೋ ಒಂದು ತಪ್ಪಿರಲೇಬೇಕೆಂದು ಅವರು ನಾಲ್ಕು ದಿನ ಕೇರಿಯ ಎದುರಿನ ಹುಣಸೆಮರದ ಕೆಳಗೆ ಕುಳಿತು ನೋಡಿದರು. ಐದನೆಯ ದಿನ, ಗುರುವಾರ, ತಪ್ಪು ಸಿಕ್ಕಿತು.

“ಲೇ ದ್ಯಾವ,” ಅಂದರು ದೂರದಿಂದಲೇ. “ನಿನ್ನ ಕುದ್ರೆ ಮೆಲುಕು ಆಕ್ತಾ ಇಲ್ವಲ್ಲೋ.”

ದ್ಯಾವಯ್ಯ ಕುದುರೆಯ ಬಾಯಿ ನೋಡಿದ. ತಿಂದಾಗಿತ್ತು. ಬಾಯಿ ಸುಮ್ಮನಿತ್ತು.

“ಬೆಳಗ್ಗಿಂದ ಆಕಿಲ್ವೇ ಬುದ್ದಿ?”

“ಬೆಳಗ್ಗಿಂದ ಅಲ್ಲ ಕಣ್ಲಾ, ಬಾನ್ವಾರದಿಂದ. ನಾನು ಕಣ್ಣು ಮಿಟುಕಿಸ್ದೆ ನೋಡಿವ್ನಿ. ಮಲಗೂ ಇಲ್ಲ. ನಿಂತ್ಕಂಡೇ ತೂಕಡಿಸ್ತದೆ. ಮಲಗುದ್ರೆ ಎದ್ದೇಳಾಕಾಗಲ್ಲ ಅಂತ ಅದುಕ್ಕೇ ಗೊತ್ತು.”

ಒಂದು ಗಳಿಗೆಯಲ್ಲಿ ಊರೆಲ್ಲ ಸೇರಿತು. ಎಲ್ಲರೂ ದನ ಕಟ್ಟಿದವರೇ. ಮೆಲುಕು ನಿಲ್ಲಿಸಿದ ಪ್ರಾಣಿ ಎಷ್ಟು ದಿನ ಬದುಕುತ್ತದೆಂದು ಎಲ್ಲರಿಗೂ ಗೊತ್ತು. ಹೆಂಗಸರು ಆಗಲೇ ಮಾಯಮ್ಮನಿಗೆ ಸಮಾಧಾನ ಹೇಳತೊಡಗಿದರು. ಪಟೇಲರ ಮನಸ್ಸೂ ಕರಗಿತು.

“ನೋಡ್ಲಾ, ಮಂಗ್ಳಾರ ಡಾಕ್ಟ್ರು ಪಾಸು ಮಾಡುದ್ರೆ ನಿಂದು ನಿಂಗೆ. ಮಾಡ್ದೆ ಓದ್ರೆ ಇದು ನಮ್ಮಟ್ಟಿಗೆ ಬರ್ಲಿ. ನಿಂಗೆ ಬರಿಗೈ ಬ್ಯಾಡ, ನಮ್ಮ ಕೆಂದೆತ್ತು ಇಟ್ಕ. ಎಂಗಿದ್ರೂ ಸಾಯೋ ಪ್ರಾಣಿ, ಪಟೇಲ್ರ ಕೊಟ್ಟಿಗೇಲಿ ಸತ್ರೆ ಅದುಕ್ಕೂ ಒಂದು ಮರ್ವಾದೆ.”

ಕೆಂದೆತ್ತಿಗೆ ನನ್ನಷ್ಟೇ ವಯಸ್ಸು. ಬೇಡ ಬುದ್ಧಿ ಅನ್ನಲು ದ್ಯಾವಯ್ಯ ಬಾಯಿ ತೆರೆದದ್ದನ್ನು ನಾನು ಕಂಡೆ. ಆದರೆ ಪಟೇಲರು ಮಾತಾಡಿದಾಗ ಆಡಬೇಕಾದದ್ದು ತಲೆ, ಬಾಯಲ್ಲ. ತಲೆಮಾರುಗಳಿಂದ ಬಂದ ರೂಢಿ. ತಲೆ ತಾನಾಗಿ ಆಡಿಬಿಟ್ಟಿತು. ಊರೆಲ್ಲ ನೋಡಿತು. ಅಲ್ಲಿಗೆ ಮಾತು ಮುಗಿಯಿತು.

ಅವನು ನೇರ ನನ್ನ ಹತ್ತಿರ ಬಂದ. “ಬೈರಣ್ಣ, ನೀನೇ ಗತಿ. ಮಂಗ್ಳಾರದೊಳ್ಗೆ ಎಂಗಾರಾ ಮಾಡಿ ಅದ್ರ ಕೈಲಿ ಮೆಲುಕು ಆಕುಸ್ಬುಡು.”

“ಮಂಗ್ಳಾರ ಯಾಕೆ,” ಅಂದೆ, “ಶನಿವಾರದೊಳ್ಗೆ ಎಂಗೆ ಮೆಲುಕು ಆಕ್ತದೆ ನೋಡು, ಅಕ್ಕಪಕ್ಕದೋರ್ಗೆ ನಿದ್ದೆ ಬರ್ಬಾರ್ದು.”

ಹೋಗಿ ಪರೀಕ್ಷೆ ಮಾಡಿದೆ. ಅಂಥ ಪರೀಕ್ಷೆ ಹಿಂದೆ ಯಾರೂ ಮಾಡಿರಲಿಲ್ಲ, ಮುಂದೆಯೂ ಮಾಡುವುದಿಲ್ಲ. ಮೂತಿ ಮುಟ್ಟಿದೆ, ಮಖಮಲ್ಲಿನ ಹಾಗೆ ಒಣಗಿತ್ತು. ಜ್ವರ. ತುಟಿ ಎತ್ತಿದೆ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲೇ ಇರುವುದಿಲ್ಲವಲ್ಲ, ಇದಕ್ಕೆ ಸಾಲಾಗಿ ಆರು ಹಲ್ಲು. ಕೆಟ್ಟ ಬೆಳವಣಿಗೆ. ಕಾಲೆತ್ತಿ ನೋಡಿದೆ, ಗೊರಸು ಎರಡಾಗಿ ಸೀಳಿರಬೇಕಾದದ್ದು ಒಂದಕ್ಕೊಂದು ಅಂಟಿಕೊಂಡುಬಿಟ್ಟಿತ್ತು. ವಾತ. ನಿಂತೇ ನಿದ್ದೆ, ಮೆಲುಕಿಲ್ಲ. ಒಟ್ಟು ಐದು ಕಾಯಿಲೆ. ಐದು ಕಾಯಿಲೆ ಇಟ್ಟುಕೊಂಡೂ ಕಣ್ಣಲ್ಲಿ ಹೊಳಪು, ಮೈಯಲ್ಲಿ ಮಿಂಚು. ಇಷ್ಟು ಮೋಸದ ರೋಗವನ್ನು ನಾನು ಕಂಡಿರಲಿಲ್ಲ.

“ತಿಂಡಿ ನಿಲ್ಸಿ,” ಅಂದೆ. “ಹುರುಳಿ ಬ್ಯಾಡ, ಹುಲ್ಲು ಬ್ಯಾಡ. ಹಳೇದು ಮೇಲೆ ಬರೋಗಂಟ ಹೊಸ್ದು ಕೆಳುಕ್ಕೆ ಓಗ್ಬಾರ್ದು.”

ಮಾಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. “ಬೈರಯ್ನೋರೆ, ನೀವು ಆಸ್ಪತ್ರೇಲಿ ಏಸು ಕುದ್ರೆ ನೋಡಿದ್ರಿ?”

“ಲೆಕ್ಕ ಇಟ್ಟಿಲ್ಲ ಕಣಮ್ಮ.”

ಇದು ನಿಜವೇ. ಇಲ್ಲದ್ದಕ್ಕೆ ಯಾರು ಲೆಕ್ಕ ಇಡುತ್ತಾರೆ.

ಶುಕ್ರವಾರ ಗೊಟ್ಟ. ಓಮ, ಶುಂಠಿ, ಬೆಳ್ಳುಳ್ಳಿ, ಅಚ್ಚೇರು ಮೆಣಸು ಅರೆದು, ಎತ್ತಿಗೆ ಹಿಡಿದಂತೆಯೇ ತಲೆ ಮೇಲೆತ್ತಿ ಹುಯ್ದೆ. ಎತ್ತಾದರೆ ನುಂಗುತ್ತದೆ, ಹೊಟ್ಟೆ ತುಂಬಿದ್ದಕ್ಕೆ ಒಂದು ಸಲ ನಿಟ್ಟುಸಿರು ಬಿಡುತ್ತದೆ. ಬೆಳ್ಳಿ ನುಂಗಲಿಲ್ಲ. ಒಂದು ಕ್ಷಣ ನನ್ನ ಮುಖವನ್ನೇ ನೋಡಿತು. ಆಮೇಲೆ ಸೀನಿತು. ಆ ಸೀನಿಗೆ ಕೇರಿಯ ಮೂರು ಮನೆಯ ಸೋಗೆ ಹಾರಿತು, ನನ್ನ ರುಮಾಲು ಸಾಲಗಾಮೆ ದಾರಿಯ ಜಾಲಿಮರದಲ್ಲಿ ಮಾರನೆಯ ದಿನ ಸಿಕ್ಕಿತು. ಮೆಣಸಿನ ಕಷಾಯ ಹೊಕ್ಕಿದ್ದು ನನ್ನ ಕಣ್ಣಿಗೆ. ಆವತ್ತಿನಿಂದ ನನಗೆ ದೃಷ್ಟಿ ಬಹಳ ಚುರುಕು.

ಶನಿವಾರ ಹೊಟ್ಟೆಗೆ ಬರೆ ಹಾಕೋಣವೆಂದು ಕುಡುಗೋಲು ಕಾಯಿಸಿದೆ. ಮಾಯಮ್ಮ ಒಲೆಯೊಳಗಿಂದ ಉರಿಯುವ ಕೊಳ್ಳಿ ಹಿಡಿದು ಹೊರಗೆ ಬಂದಳು. “ಮೊದ್ಲು ನಿಮ್ಮೊಟ್ಟೆ ಮೇಲೆ ಒಂದು ಆಕ್ತೀನಿ ಬೈರಯ್ನೋರೆ. ನೀವು ಮೆಲುಕು ಆಕುದ್ರೆ ಆಮೇಲೆ ಕುದ್ರೆಗೆ ಆಕುವ್ರಂತೆ.” ಹೆಂಗಸರ ಜೊತೆ ವಾದ ಮಾಡುವುದು ವೈದ್ಯನಿಗೆ ತಕ್ಕದ್ದಲ್ಲ. ಕುಡುಗೋಲನ್ನು ಆರಲು ಬಿಟ್ಟೆ.

ಉಳಿದದ್ದು ಕೊನೆಯ ಉಪಾಯ. ನಮ್ಮ ಕಡೆ ಬಲ್ಲವರೆಲ್ಲ ಮಾಡುವುದೇ: ಮೆಲುಕು ಮರೆತ ದನಕ್ಕೆ ಗಟ್ಟಿಯಾದ ಇನ್ನೊಂದು ದನದ ಬಾಯಿಂದ ಮೆಲುಕಿನ ಉಂಡೆ ಎರವಲು ತಂದು ತಿನ್ನಿಸುವುದು. ಹೆಪ್ಪು ಹಾಕಿದರೆ ಹಾಲು ಮೊಸರಾಗುವಂತೆ ಹೊಟ್ಟೆ ಮತ್ತೆ ಕೆಲಸ ಹಿಡಿಯುತ್ತದೆ. ಭಾನುವಾರ ಬೆಳಿಗ್ಗೆ ಪಟೇಲರ ಜಗಲಿಗೆ ಹೋಗಿ ಕೇಳಿದೆ.

ಪಟೇಲರು ತೀರ್ಪು ಕೊಟ್ಟರು. “ನಮ್ಮೆತ್ತಿನ ಎಂಜಲು ಕೇರಿ ಕುದ್ರೆ ಬಾಯ್ಗೆ ಓಗ್ಬೌದು, ಅದ್ರಲ್ಲಿ ತಪ್ಪಿಲ್ಲ. ಆದ್ರೆ ಕೇರಿ ಕೈ ನಮ್ಮೆತ್ತಿನ ಬಾಯ್ಗೆ ಓಗ್ಬಾರ್ದು.”

“ದಿನಾ ಸಗಣಿ ಬಾಚೋದು ದ್ಯಾವಯ್ಯನ ಕೈಯೇ ಅಲ್ವೇ ಗೌಡ್ರೆ?”

“ಅದು ಇಂದ್ಗಡೆ ಕಣ್ಲಾ. ಬಾಯಿ ಮುಂದ್ಗಡೆ. ಶಾಸ್ತ್ರ ಬ್ಯಾರೆ.”

ಹಾಗಾಗಿ ಕೈ ನನ್ನದಾಯಿತು. ಎಂಟು ಜೊತೆಯಲ್ಲಿ ಒಳ್ಳೆಯ ಎತ್ತಿನ ಮೆಲುಕು ಕೊಡಲು ಪಟೇಲರಿಗೆ ಮನಸ್ಸು ಬರಲಿಲ್ಲ. ಕೆಂದೆತ್ತನ್ನು ತೋರಿಸಿದರು. ಅದು ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ಚಪ್ಪರಿಸುತ್ತಾ ನಿಂತಿತ್ತು. ಜೊಲ್ಲು ಹಗ್ಗದ ಹಾಗೆ ನೆಲಕ್ಕೆ ಇಳಿಯುತ್ತಿತ್ತು. ಜೊಲ್ಲು ಅಂದರೆ ಎಂಥ ಜೊಲ್ಲು, ಒಂದು ಗದ್ದೆಗೆ ನೀರು ಹಾಯಿಸಬಹುದು.

“ನೋಡಿದ್ರಾ ಗೌಡ್ರೆ,” ಅಂದೆ. “ಮುದ್ಕ ಆದ್ರೂ ಎಂಗೆ ಉಕ್ತಾ ಇದೆ ಆರೋಗ್ಯ.”

“ನಮ್ಮಟ್ಟಿ ಮೇವು,” ಅಂದರು ಪಟೇಲರು, ಮೀಸೆ ಸವರಿಕೊಂಡು.

ಬಾಯೊಳಗೆ ಕೈ ಹಾಕಿದೆ. ಉಂಡೆ ಸಿಗಲಿಲ್ಲ, ಬರೀ ಜೊಲ್ಲು. ಒಂದು ಚೆಂಬು ತುಂಬಿಕೊಂಡು ಒಂದು ಹಿಡಿ ಹುಲ್ಲು ಕಲಸಿ, ಊರೆಲ್ಲ ಹಿಂದೆ ಬರುತ್ತಿರಲು ಕೇರಿಗೆ ಹೋಗಿ, ಬೆಳ್ಳಿಯ ಬಾಯಿಗೆ ಅದೇ ಕೈ ಹಾಕಿದೆ. ದನದ ಬಾಯಿಗೆ ಮುಂದಿನಿಂದ ಕೈ ಹಾಕುವವನಿಗೆ ಏನೂ ಭಯವಿಲ್ಲ, ಮೇಲೆ ಹಲ್ಲಿಲ್ಲ. ಇದಕ್ಕೆ ಮೇಲೆ ಆರು ಹಲ್ಲಿರುವುದನ್ನು ಗುರುವಾರ ನಾನೇ ಎಣಿಸಿದ್ದೆ. ಭಾನುವಾರ ಕುದುರೆಯೇ ಮತ್ತೊಮ್ಮೆ ಎಣಿಸಿ ಕೊಟ್ಟಿತು. ನನ್ನ ಎಡಗೈ ಹೆಬ್ಬೆರಳು ಇಂದಿಗೂ ಬಲಗೈಯದಕ್ಕಿಂತ ಅರ್ಧ ಅಂಗುಲ ಗಿಡ್ಡ. ನಾನು ಕೂಗಿದ್ದು ಅರಕಲಗೂಡಿಗೆ ಕೇಳಿಸಿತಂತೆ, ಅಲ್ಲಿಂದ ಬಂದವರು ಹೇಳಿದರು.

ಸೋಮವಾರ ಬೆಳ್ಳಿ ತಲೆ ತಗ್ಗಿಸಿಕೊಂಡು ನಿಂತಿತ್ತು. ನಾಲ್ಕು ದಿನ ಏನೂ ತಿಂದಿರಲಿಲ್ಲ. ಪಕ್ಕೆಲುಬು ಒಂದೊಂದಾಗಿ ಮೇಲೆದ್ದಿದ್ದವು. ದ್ಯಾವಯ್ಯ ಅದರ ಕೊರಳಿಗೆ ಹಣೆಯಾನಿಸಿಕೊಂಡು ನಿಂತಿದ್ದ. ನಾನು, ರೋಗ ಹೊರಕ್ಕೆ ಬರುತ್ತಾ ಇದೆ ಅಂದೆ. ಅಷ್ಟರಲ್ಲಿ ಪಟೇಲರು ಬಂದು ದೂರದಿಂದ ನೋಡಿ, ತಮ್ಮ ಕೊಟ್ಟಿಗೆಯಲ್ಲಿ ಕುದುರೆಗೆ ಜಾಗ ಗುಡಿಸಲು ದ್ಯಾವಯ್ಯನಿಗೇ ಹೇಳಿದರು. ಅವನು ಪೊರಕೆ ತೆಗೆದುಕೊಂಡು ಹೋದ.

ಮಾಯಮ್ಮ ನನ್ನ ಮುಂದೆ ಬಂದು ನಿಂತಳು. “ಬೈರಯ್ನೋರೆ, ನಾಕ್ ದಿನ ನಿಮ್ಮ ಮಾತು ಕೇಳ್ದೋ. ಇದುಕ್ಕೆ ಬಂದಿರೋ ಕಾಯ್ಲೆ ಯಾವ್ದು ಅಂತ ನಂಗೆ ಗೊತ್ತು. ಅಸಿವು. ನಂಗೂ ಬತ್ತದೆ ಅದು ಆಗಾಗ.”

ಹಾಗೆಂದು ಒಂದು ಮಂಕರಿ ಹಸಿಹುಲ್ಲು ಸುರಿದಳು. ಅದು ಮುಗಿದ ಮೇಲೆ ಇಷ್ಟಿಷ್ಟೇ ಬೇಯಿಸಿದ ಹುರುಳಿ. ಬೆಳ್ಳಿ ತಿಂದ ಸದ್ದು ನಮ್ಮ ಊರಿನ ಅಕ್ಕಿ ಗಿರಣಿಯ ಸದ್ದನ್ನು ಮುಚ್ಚಿತು. ನಾನು ಬೇಡವೆನ್ನಲಿಲ್ಲ. ಅಂದರೆ, ಅದು ನನ್ನ ಅಪ್ಪಣೆಯ ಮೇಲೆಯೇ ನಡೆದದ್ದು.

ಮಂಗಳವಾರ ಬೆಳಿಗ್ಗೆ ಬೆಳ್ಳಿಯನ್ನು ಜಟಕಾಕ್ಕೆ ಹೂಡಿಕೊಂಡು ದ್ಯಾವಯ್ಯ, ಮಾಯಮ್ಮ, ನಾನು ಹಾಸನಕ್ಕೆ ಹೋದೆವು. ಹಿಂದೆಯೇ ಪಟೇಲರ ಗಾಡಿ. ಕೆಂದೆತ್ತನ್ನು ಗಾಡಿಯ ಹಿಂದೆ ಕಟ್ಟಿದ್ದರು, ಅಲ್ಲೇ ಅದಲು ಬದಲು ಮಾಡಿಕೊಳ್ಳಲು. ಅದು ಮದುವಣಗಿತ್ತಿಯ ಹಾಗೆ ಒಂದೊಂದೇ ಕಾಲೆತ್ತಿ ಮೆಲ್ಲಗೆ ಇಡುತ್ತಾ ಬಂತು. ಮುದಿ ಎತ್ತಿಗೂ ಎಷ್ಟು ನಾಜೂಕು ಅಂದುಕೊಂಡೆ.

ದನದ ಆಸ್ಪತ್ರೆಯ ಬಯಲಿನಲ್ಲಿ ಹತ್ತು ಹನ್ನೆರಡು ಜಟಕಾ ನಿಂತಿದ್ದವು. ಡಾಕ್ಟರು ಹೊಸಬರು, ವರದರಾಜ ಎಂದು ಹೆಸರು, ಹಣೆಯ ಮೇಲೆ ನಾಮ, ಕಾಲಿಗೆ ಬೂಟು. ಬೆಳ್ಳಿಯ ಹಲ್ಲು ನೋಡಿದರು, ಕಾಲು ಎತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟರು, ಬಯಲಿನಲ್ಲಿ ಒಂದು ಸುತ್ತು ಓಡಿಸಿದರು. “ಸ್ವಲ್ಪ ಬಡವಾಗಿದೆ. ಮೇವು ಸರಿಯಾಗಿ ಹಾಕು. ಬೇರೆ ಏನೂ ಇಲ್ಲ,” ಎಂದು ಪೆನ್ನು ತೆರೆದರು.

ಇನ್ನೊಂದು ಗಳಿಗೆ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಐದು ಕಾಯಿಲೆ ಕಂಡುಹಿಡಿದವನು ಪಕ್ಕದಲ್ಲಿರುವಾಗ ಏನೂ ಇಲ್ಲ ಅಂದರೆ ಯಾರು ತಾನೆ ಸಹಿಸುತ್ತಾರೆ.

“ಈಗೇನೂ ಇಲ್ಲ ಸಾ,” ಅಂದೆ. “ನಾನು ಮದ್ದು ಮಾಡ್ಬಿಟ್ಟಿವ್ನಿ. ಮೆಲುಕು ನಿಂತೋಗಿತ್ತು.”

ಪೆನ್ನು ನಿಂತಿತು. ಮಾಯಮ್ಮ ನನ್ನನ್ನು ನೋಡಿದ ನೋಟದಲ್ಲಿ ಶನಿವಾರದ ಕೊಳ್ಳಿ ಇನ್ನೂ ಉರಿಯುತ್ತಿತ್ತು.

ಪಟೇಲರು ಮುಂದೆ ಬಂದರು. “ಮದ್ದು ಎಲ್ಲಿ ಮಾಡಿದಾನೆ, ಇವತ್ತೂ ಆಕ್ತಾ ಇಲ್ಲ ಸ್ವಾಮಿ. ಬಾನ್ವಾರ ಬಿಟ್ಟು ಬಾನ್ವಾರ ಕಳೀತು, ಒಂದೇ ಒಂದು ದಪ ಆಕಿಲ್ಲ. ನಾನು ಪಟೇಲ, ನಾನೇ ಸಾಕ್ಷಿ.”

ಡಾಕ್ಟರು ಪಟೇಲರನ್ನೂ ನನ್ನನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಆಮೇಲೆ ಸಾಲಿನಲ್ಲಿದ್ದ ಒಬ್ಬ ಮುದುಕ ಜಟಕಾದವನನ್ನು ಕರೆದರು. “ಗಂಗಯ್ಯ, ನೀನು ಎಷ್ಟು ವರ್ಷದಿಂದ ಗಾಡಿ ಹೊಡೀತಿದ್ದೀಯ?”

“ನಲವತ್ತಾಯ್ತು ಸಾ.”

“ನಿನ್ನ ಕುದುರೆ ಯಾವತ್ತಾದರೂ ಮೆಲುಕು ಹಾಕಿದೆಯೇನು?”

ಗಂಗಯ್ಯ ತಲೆ ಕೆರೆದುಕೊಂಡ. “ನಾನೇನು ತಪ್ಪು ಮಾಡ್ದೆ ಸಾ? ಅದು ಎತ್ತಿನ ಕೆಲ್ಸ ಅಲ್ವೇ. ಕುದ್ರೆ ಎಲ್ಲಿ ಮೆಲುಕು ಆಕ್ತದೆ?”

ಸಾಲಿನಲ್ಲಿದ್ದವರೆಲ್ಲ ನಗಲು ಶುರು ಮಾಡಿದರು. ಕುದುರೆಗಳೂ ಕೆನೆದವು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಪಟೇಲರ ಕಡೆ ಕೈ ತೋರಿಸಿಕೊಂಡು.

“ನಗಬೇಡಯ್ಯ,” ಅಂದರು ಡಾಕ್ಟರು ನನಗೆ. “ಏನು ಮದ್ದು ಕೊಟ್ಟೆ ಹೇಳು.”

ಹೇಳಿದೆ. ಗೊಟ್ಟದ ಮಾತು ಬಂದಾಗ ಅವರ ಮುಖ ಕೆಂಪಾಯಿತು. “ಕುದುರೆಗೆ ಗೊಟ್ಟ ಹಾಕಿದರೆ ಶ್ವಾಸಕೋಶಕ್ಕೆ ಇಳಿದು ಸಾಯುತ್ತೆ. ನಿನ್ನ ಮುಖಕ್ಕೆ ಸೀನಿತಲ್ಲ, ಅದಕ್ಕೇ ಬದುಕಿದೆ.” ಜೊಲ್ಲಿನ ಮಾತು ಬಂದಾಗ ಮಾತ್ರ ಅವರು ಬೈಯಲಿಲ್ಲ. ಪುಸ್ತಕ ಮುಚ್ಚಿದರು. “ಯಾವ ಎತ್ತಿನ ಜೊಲ್ಲು?”

ಕೆಂದೆತ್ತು ಗಾಡಿಯ ಹಿಂದೆ ಬಾಯಿ ಚಪ್ಪರಿಸುತ್ತಾ ನಿಂತಿತ್ತು. ಡಾಕ್ಟರು ಅದರ ನಾಲಿಗೆ ಎಳೆದು ನೋಡಿದರು. ಗೊರಸಿನ ಸಂದಿ ನೋಡಿದರು. ಕೈ ತೊಳೆದುಕೊಂಡು ಬಂದರು.

“ಕಾಲುಬಾಯಿ ಜ್ವರ. ಬಾಯೆಲ್ಲ ಹುಣ್ಣು. ಪಟೇಲರೇ, ಇದು ಮೆಲುಕು ಹಾಕಿ ಎಷ್ಟು ದಿನವಾಯಿತು?”

ಪಟೇಲರು ಕೆಂದೆತ್ತಿನ ಬಾಯಿ ಬಗ್ಗಿ ನೋಡಿದರು. ಒಂಬತ್ತು ದಿನ ಅವರು ಕೇರಿಯ ಕುದುರೆಯ ಬಾಯಿ ಕಾದಿದ್ದರು. ಸ್ವಂತ ಕೊಟ್ಟಿಗೆಯ ಕಡೆ ತಿರುಗಲು ಪುರುಸೊತ್ತೆಲ್ಲಿತ್ತು.

“ಇದು ಕುದುರೆಗೆ ಹತ್ತುವ ರೋಗವಲ್ಲ, ಪುಣ್ಯ,” ಅಂದರು ಡಾಕ್ಟರು. “ಆ ಜೊಲ್ಲು ಹಸುವಿಗೆ ತಿನ್ನಿಸಿದ್ದರೆ ಊರೇ ಹೋಗುತ್ತಿತ್ತು. ಈ ಎತ್ತು, ಗಾಡಿಯ ಜೊತೆ ಎತ್ತು, ಮೂರೂ ಇಲ್ಲೇ ಹಿಂದುಗಡೆ ಇರಲಿ, ರಸ್ತೆ ಮೇಲೆ ಕಾಲಿಡಬಾರದು. ಬಾಯಿಗೆ ಪಟಿಕದ ನೀರು, ಕಾಲಿಗೆ ಫಿನಾಯಿಲು. ಮೆತ್ತಗಿನ ಗಂಜಿ ಕೊಡಿ. ಮನೆಯಲ್ಲಿರುವುದನ್ನೂ ಮೂರು ವಾರ ಕೊಟ್ಟಿಗೆಯಿಂದ ಬಿಡಬೇಡಿ. ನಾಳೆ ನಾನೇ ಬಂದು ನೋಡುತ್ತೇನೆ.”

ಆಮೇಲೆ ಪುಸ್ತಕ ತೆರೆದು ಬರೆದು, ಹಿತ್ತಾಳೆಯ ಬಿಲ್ಲೆಯನ್ನು ದ್ಯಾವಯ್ಯನ ಕೈಗೆ ಕೊಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ, ಕುಣಿಯಲಿಲ್ಲ. ಬೆಳ್ಳಿಗೆ ತೋರಿಸಿದ. ಅದು ಮೂಸಿ ನೋಡಿತು.

ಈಗ ಪಟೇಲರು ಬಿಸಿಲಿನಲ್ಲಿ ಎತ್ತಿಲ್ಲದ ಗಾಡಿಯ ಪಕ್ಕದಲ್ಲಿ ನಿಂತಿದ್ದರು. ಮೊಣಕಾಲು ನೋವಿನ ಮನುಷ್ಯ. ನಮ್ಮೂರಿನ ಕಡೆ ಹೋಗುವ ಜಟಕಾ ಹಾಸನದಲ್ಲೆಲ್ಲ ಆವತ್ತು ಒಂದೇ.

“ಅತ್ಕಳಿ ಬುದ್ದಿ,” ಅಂದ ದ್ಯಾವಯ್ಯ.

ಪಟೇಲರು ಆಚೆ ಈಚೆ ನೋಡಿ, ಯಾರೂ ಗುರುತಿನವರಿಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿದರು. ಹಿಂಭಾಗದ ಮೂಲೆಯಲ್ಲಿ, ದ್ಯಾವಯ್ಯನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಕುಳಿತರು. ಮಾಯಮ್ಮ ಒಂದು ಪಕ್ಕಕ್ಕೆ ಹುರುಳಿ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನಾನು ಹಿಂದಿನ ಮೆಟ್ಟಿಲಿನ ಮೇಲೆ. ಜಟಕಾದ ಗುಣ ನಿಮಗೆ ಗೊತ್ತಲ್ಲ, ಭಾರ ಹಿಂದಕ್ಕೆ ಬಿದ್ದರೆ ಮುಂದೆ ಕುದುರೆ ಹೂಡುವ ಮರ, ಮೂಕಿ, ಮೇಲೇಳುತ್ತದೆ, ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ.

ದ್ಯಾವಯ್ಯ ತಿರುಗಿ ನೋಡಿದ. ಆ ಬಯಲಿನ ಹನ್ನೆರಡು ಜಟಕಾದವರೂ ದಿನಕ್ಕೆ ನೂರು ಸಲ ಹೇಳುವ ಮಾತನ್ನು ಅವನು ಬಾಯಿ ತೆರೆದು ಮೊದಲ ಸಲ ಹೇಳಿದ. “ಮುಂದ್ಕೆ ಬನ್ನಿ ಸ್ವಾಮಿ, ಮುಂದ್ಕೆ.”

ಪಟೇಲರು ಒಂದು ಗೇಣು ಸರಿದರು. ಮೂಕಿ ಇಳಿಯಲಿಲ್ಲ.

“ಇನ್ನೂ ಮುಂದ್ಕೆ ಬನ್ನಿ. ಕುದ್ರೆಗೆ ತ್ರಾಸಾಯ್ತದೆ.”

ಹಾಸನ ದಾಟುವ ಹೊತ್ತಿಗೆ ಅವರು ನಡುವಿಗೆ ಬಂದಿದ್ದರು. ನಾನು ಒಂದೊಂದು ಮೈಲಿಗಲ್ಲು ಕಂಡಾಗಲೂ ಒಂದೊಂದು ಅಂಗುಲ ಹಿಂದಕ್ಕೆ ಸರಿದು ಕೂರುತ್ತಿದ್ದೆ. ಮೂಕಿ ಏಳುತ್ತಿತ್ತು. ದ್ಯಾವಯ್ಯ ತಿರುಗದೆಯೇ ಹೇಳುತ್ತಿದ್ದ. ಪಟೇಲರು ಸರಿಯುತ್ತಿದ್ದರು. ಮಾಯಮ್ಮ ನನ್ನ ಆಟವನ್ನು ಎರಡನೆಯ ಮೈಲಿಯಲ್ಲೇ ಕಂಡುಹಿಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಊರಿನ ಹುಣಸೆಮರದ ಕೆಳಗೆ ಜನವೆಲ್ಲ ಕಾದಿತ್ತು, ಪಟೇಲರು ಕುದುರೆ ತರುವುದನ್ನು ನೋಡಲು. ಕುದುರೆಯೇ ಪಟೇಲರನ್ನು ತಂದಿತು. ಅವರ ಎರಡೂ ಮಂಡಿ ದ್ಯಾವಯ್ಯನ ಬೆನ್ನಿಗೆ ಒತ್ತಿಕೊಂಡಿದ್ದವು, ಬೀಳದಿರಲೆಂದು ಒಂದು ಕೈ ಅವನ ಭುಜದ ಮೇಲಿತ್ತು. ಪಟೇಲರು ಇಳಿದು ಪಂಚೆ ಕೊಡವಿಕೊಂಡು, ನಾಲ್ಕು ಹೆಜ್ಜೆ ನಡೆದು, ತಿರುಗಿ ನಿಂತರು.

“ದ್ಯಾವಯ್ಯ,” ಅಂದರು. ಲೇ ಎಂಬುದು ಹಾಸನದ ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. “ನಾಳೀಕೆ ಡಾಕ್ಟ್ರುನ್ನ ಕರ್ಕಂಡ್ ಬರ್ಬೇಕು. ಎಷ್ಟೊತ್ಗೆ ಒಂಟ್ತೀಯ?”

“ಕುದ್ರೆ ತಿಂದ್ಮೇಲೆ,” ಅಂದಳು ಮಾಯಮ್ಮ.

ಈಗಲೂ ಆ ಬಿಲ್ಲೆ ದ್ಯಾವಯ್ಯನ ತೊಲೆಯ ಮೊಳೆಯಲ್ಲಿದೆ. ಅದು ಯಾರಿಂದ ಬಂತೆಂದು ಕೇಳಿದರೆ ಅವನು ಡಾಕ್ಟರು ಅನ್ನುತ್ತಾನೆ, ಮಾಯಮ್ಮ ಹುರುಳಿ ಅನ್ನುತ್ತಾಳೆ. ಇಬ್ಬರಿಗೂ ವಯಸ್ಸಾಯಿತು. ಹಾಸನ ಸೀಮೆಯಲ್ಲಿ ಅದಾದ ಮೇಲೆ ಒಂದೇ ಒಂದು ಕುದುರೆಯೂ ಮೆಲುಕು ಹಾಕದ ಕಾಯಿಲೆಯಿಂದ ಸತ್ತದ್ದಿಲ್ಲ. ಹಾಗೆ ಸತ್ತಿದ್ದರೆ ನನ್ನ ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು.